ತರಬೇತಿ ಯಾರಿಗೆ ಬೇಕಿತ್ತು?

ಯುದ್ಧಪೀಡಿತ ನಾಡುಗಳಿಗೆ ಹೊರಟ ನೆರವು ಕಾರ್ಯಕರ್ತರಿಗೆ ಕೊಡುವ ‘ಹೀಟ್’ ತರಬೇತಿಯಲ್ಲಿ ಸಾಮಾನ್ಯವಾಗಿ ಒಂದು ಅಣಕು ಅಪಹರಣ ಇರುತ್ತದೆ. ಕಾಡುದಾರಿಯಲ್ಲಿ ವ್ಯಾನು ನಿಲ್ಲುತ್ತದೆ, ಮುಸುಕುಧಾರಿಗಳು ಕೂಗಾಡುತ್ತ ಎಲ್ಲರನ್ನೂ ಕೆಳಗೆಳೆಯುತ್ತಾರೆ, ತಲೆಗೆ ಚೀಲ ಹಾಕಿ ಮಂಡಿಯೂರಿಸುತ್ತಾರೆ. ಮೂರರಿಂದ ಐದು ದಿನದ ಈ ಶಿಬಿರದಲ್ಲಿ ಚೆಕ್‌ಪೋಸ್ಟ್ ದಾಟುವುದು, ನೆಲಬಾಂಬಿನ ಸುಳಿವು ಹಿಡಿಯುವುದು, ರೇಡಿಯೊದಲ್ಲಿ ಮಾತಾಡುವುದು, ಗಾಯಕ್ಕೆ ಕಟ್ಟು ಹಾಕುವುದು ಎಲ್ಲವನ್ನೂ ಕಲಿಸುತ್ತಾರೆ. ಆದರೆ ಮುಗಿಸಿ ಬಂದವರು ಹೇಳುವ ಕತೆ ಮಾತ್ರ ಆ ಚೀಲದ್ದು.

ಈ ತರಬೇತಿ ಮೊದಲು ಹುಟ್ಟಿಕೊಂಡದ್ದು ಪತ್ರಕರ್ತರಿಗಾಗಿ. 1990ರ ದಶಕದಲ್ಲಿ ಬೋಸ್ನಿಯಾದಲ್ಲಿ ವರದಿಗಾರರು ಸಾಯತೊಡಗಿದಾಗ ಬ್ರಿಟನ್ನಿನ ಮಾಜಿ ಸೈನಿಕರು ಇಂಥ ಶಿಬಿರಗಳನ್ನು ಶುರುಮಾಡಿದರು. ನೆರವು ಸಂಸ್ಥೆಗಳು ಹಿಂದೆಯೇ ಬಂದವು. 2003ರ ಆಗಸ್ಟ್ 19ರಂದು ಬಾಗ್ದಾದಿನ ಕೆನಾಲ್ ಹೋಟೆಲಿನಲ್ಲಿದ್ದ ವಿಶ್ವಸಂಸ್ಥೆಯ ಕಚೇರಿಯ ಮೇಲೆ ಬಾಂಬ್ ದಾಳಿ ನಡೆದು, ಅಲ್ಲಿ ಅದರ ವಿಶೇಷ ಪ್ರತಿನಿಧಿಯಾಗಿದ್ದ ಸೆರ್ಜಿಯೊ ವಿಯೆರಾ ಡಿ ಮೆಲ್ಲೊ ಸೇರಿ 22 ಮಂದಿ ಸತ್ತರು. ವಿಶ್ವಸಂಸ್ಥೆ ತನ್ನ ಸುರಕ್ಷತಾ ಇಲಾಖೆಯನ್ನು ಕಟ್ಟಿದ್ದು 2005ರಲ್ಲಿ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು, ನಿಜ. ಆದರೂ ಹಾಕಿದ್ದು ಒಳ್ಳೆಯದೇ ಆಯಿತು.

ತರಬೇತಿಯೇ ದಂಡ ಎನ್ನುವವರ ಸಾಲಿನಲ್ಲಿ ನಾನಿಲ್ಲ. ಅದರ ಬೇಸರದ ಗಂಟೆಗಳಲ್ಲೇ ಅದರ ಬೆಲೆ ಇದೆ. ತೊಡೆಯಿಂದ ರಕ್ತ ಚಿಮ್ಮುತ್ತಿರುವಾಗ ಗಾಯದ ಮೇಲ್ಗಡೆ ಬಿಗಿಯಾಗಿ ಪಟ್ಟಿ ಕಟ್ಟಲು ಸಿಗುವುದು ಕೆಲವೇ ನಿಮಿಷ. ಕೈಗೆ ಅಭ್ಯಾಸವಿಲ್ಲದಿದ್ದರೆ ಪುಸ್ತಕ ಓದಿದ ತಲೆ ಆಗ ಉಪಯೋಗಕ್ಕೆ ಬರುವುದಿಲ್ಲ. ಚೆಕ್‌ಪೋಸ್ಟಿನಲ್ಲಿ ಕೈಗಳನ್ನು ಕಾಣುವಂತೆ ಇಡುವುದು, ಹೊರಟ ಹೊತ್ತು, ತಲುಪಿದ ಹೊತ್ತನ್ನು ಕಚೇರಿಗೆ ತಿಳಿಸುವುದು, ಇವೆಲ್ಲ ಸಣ್ಣ ಶಿಸ್ತುಗಳು. ಅಣಕು ಅಪಹರಣದ ವಿಷಯ ಬೇರೆ. ಕೂಗಾಡುತ್ತಿರುವವನು ಸಂಜೆ ತನ್ನ ಜೊತೆಗೇ ಚಹಾ ಕುಡಿಯುತ್ತಾನೆಂದು ಗೊತ್ತಿರುವವನಿಗೆ ಅದು ಸಾಹಸ. ಹಿಂದೆ ನಿಜವಾಗಿಯೇ ಬಂದೂಕಿನ ಮುಂದೆ ನಿಂತವರಿಗೆ ಅದೇ ಗಾಯವನ್ನು ಕೆದಕಿದಂತೆ. ಒಳ್ಳೆಯ ತರಬೇತುದಾರರು ‘ಬೇಡವೆನಿಸಿದರೆ ಹೊರಬನ್ನಿ’ ಎನ್ನುತ್ತಾರೆ. ಹತ್ತು ಸಹೋದ್ಯೋಗಿಗಳ ಎದುರು ಹೊರಬರುವ ಧೈರ್ಯ ಎಷ್ಟು ಮಂದಿಗಿದೆ?

ಇದಕ್ಕಿಂತ ದೊಡ್ಡ ತಕರಾರು, ತರಬೇತಿ ಪಡೆಯುವವರಿಗೂ ಸಾಯುವವರಿಗೂ ಇರುವ ಅಂತರ. ಹೀಟ್ ಶಿಬಿರದ ದುಬಾರಿ ಶುಲ್ಕವನ್ನು ಸಂಸ್ಥೆಗಳು ಸಾಮಾನ್ಯವಾಗಿ ಕಟ್ಟುವುದು ಹೊರದೇಶದಿಂದ ಹೋಗುವವರಿಗೆ. ದಾಳಿಗೆ ಸಿಕ್ಕವರ ಪಟ್ಟಿಯಲ್ಲಿ ಬಹುಪಾಲು ಮಾತ್ರ ಅದೇ ದೇಶದ ಚಾಲಕರು, ದಾದಿಯರು, ಗೋದಾಮಿನ ನೌಕರರು. 2006ರ ಆಗಸ್ಟಿನಲ್ಲಿ ಶ್ರೀಲಂಕಾದ ಮೂತೂರಿನಲ್ಲಿ ‘ಆಕ್ಷನ್ ಎಗೆನ್ಸ್ಟ್ ಹಂಗರ್’ ಸಂಸ್ಥೆಯ 17 ಕಾರ್ಯಕರ್ತರನ್ನು ಅವರ ಕಚೇರಿ ಆವರಣದಲ್ಲೇ ಗುಂಡಿಟ್ಟು ಕೊಂದರು. ಹದಿನೇಳು ಮಂದಿಯೂ ಶ್ರೀಲಂಕಾದವರೇ.

ಇನ್ನು ಮೇಲಿಂದ ಬೀಳುವ ಬಾಂಬಿನೆದುರು ಯಾವ ಶಿಬಿರದ ಪಾಠವೂ ಸಾಲದು. 2015ರ ಅಕ್ಟೋಬರಿನಲ್ಲಿ ಅಮೆರಿಕದ ವಿಮಾನ ಹೊಡೆದ, ಅಫ್ಘಾನಿಸ್ತಾನದ ಕುಂದುಜ್‌ನಲ್ಲಿ ನೆರವು ಸಂಸ್ಥೆಯೊಂದು ನಡೆಸುತ್ತಿದ್ದ ಆಸ್ಪತ್ರೆ ಎಲ್ಲಿದೆಯೆಂಬ ವಿವರ ಅದೇ ಸೇನೆಗೆ ಮೊದಲೇ ಹೋಗಿತ್ತು, ಸತ್ತವರು 42. 2024ರ ಏಪ್ರಿಲ್ 1ರಂದು ಗಾಜಾದಲ್ಲಿ ಇಸ್ರೇಲಿ ದಾಳಿಗೆ ಸತ್ತ, ವರ್ಲ್ಡ್ ಸೆಂಟ್ರಲ್ ಕಿಚನ್ ಎಂಬ ನೆರವು ಸಂಸ್ಥೆಯ ಏಳು ಮಂದಿ ಅದೇ ಇಸ್ರೇಲಿ ಸೇನೆಗೆ ತಿಳಿಸಿಯೇ ಹೊರಟಿದ್ದರು. ಮುಂದಿನ ತಿಂಗಳು ರಫಾದಲ್ಲಿ ವಿಶ್ವಸಂಸ್ಥೆಯ ಗುರುತಿದ್ದ ವಾಹನದಲ್ಲಿ ಕೊಲೆಯಾದ ನಿವೃತ್ತ ಕರ್ನಲ್ ವೈಭವ್ ಕಾಳೆ ಭಾರತೀಯ ಸೇನೆಯಲ್ಲಿ ಪಳಗಿದವರು. ಆಗ ಕೆಲಸ ಮಾಡುತ್ತಿದ್ದದ್ದು ವಿಶ್ವಸಂಸ್ಥೆಯ ಅದೇ ಸುರಕ್ಷತಾ ಇಲಾಖೆಯಲ್ಲಿ. ಅವರಿಗೆ ಇನ್ನೂ ಯಾವ ಕೋರ್ಸ್ ಬಾಕಿ ಇತ್ತು? ಅದೇ ಮೇ ತಿಂಗಳಲ್ಲಿ ಭದ್ರತಾ ಮಂಡಳಿ ನೆರವು ಕಾರ್ಯಕರ್ತರ ರಕ್ಷಣೆಗೆಂದು 2730ನೇ ನಿರ್ಣಯವನ್ನು ಅಂಗೀಕರಿಸಿತು. ಆ ವರ್ಷ ಒಟ್ಟು 383 ಕಾರ್ಯಕರ್ತರು ಕೊಲೆಯಾದರೆಂದು ವಿಶ್ವಸಂಸ್ಥೆಯೇ ಹೇಳಿತು.

ಬಾಂಬಿನ ಮಾತು ಬಿಟ್ಟರೂ, ತರಬೇತಿಯ ದೃಷ್ಟಿ ಎಲ್ಲಿ ತಪ್ಪಿದೆ ಎಂಬುದನ್ನು ಕೀನ್ಯಾದ ದಾದಾಬ್ ಪ್ರಕರಣ ಬೇರೆಲ್ಲಕ್ಕಿಂತ ಚೆನ್ನಾಗಿ ತೋರಿಸುತ್ತದೆ. 2012ರ ಜೂನ್ 29ರಂದು ಅಲ್ಲಿನ ನಿರಾಶ್ರಿತರ ಶಿಬಿರಕ್ಕೆ ನಾರ್ವೇಜಿಯನ್ ರೆಫ್ಯೂಜಿ ಕೌನ್ಸಿಲ್ಲಿನ ಮುಖ್ಯಸ್ಥೆಯೇ ಬಂದಿದ್ದರು. ವಾಹನಗಳ ಮೇಲೆ ದಾಳಿಯಾಯಿತು. ಕೀನ್ಯಾದ ಚಾಲಕ ಸತ್ತ, ನಾಲ್ವರ ಅಪಹರಣವಾಯಿತು. ನಾಲ್ಕನೆಯ ದಿನ ಅವರ ಬಿಡುಗಡೆಯಾಯಿತು. ಎಂಟು ತಿಂಗಳ ಹಿಂದಷ್ಟೇ ಅದೇ ದಾದಾಬಿನಿಂದ ಇಬ್ಬರು ಸ್ಪೇನ್ ಕಾರ್ಯಕರ್ತೆಯರನ್ನು ಹೊತ್ತೊಯ್ದಿದ್ದರು. ಅಷ್ಟಾದರೂ ಈ ಭೇಟಿಗೆ ಸಶಸ್ತ್ರ ಬೆಂಗಾವಲನ್ನು ಕೈಬಿಟ್ಟಿದ್ದರು. ಇದನ್ನು ಬರೀ ಉಡಾಫೆ ಎನ್ನಲಾಗದು. ಬಂದೂಕಿನ ನೆರಳಲ್ಲಿ ಓಡಾಡಿದರೆ ಜನ ನಮ್ಮನ್ನೂ ಒಂದು ಪಕ್ಷದವರೆಂದು ನೋಡುತ್ತಾರೆ, ಊರವರ ಒಪ್ಪಿಗೆಯೇ ನಮ್ಮ ರಕ್ಷಣೆ ಎಂಬ ನಂಬಿಕೆ ಈ ಕ್ಷೇತ್ರದಲ್ಲಿ ಹಳೆಯದು, ಗೌರವಕ್ಕೆ ತಕ್ಕದ್ದು ಕೂಡ. ಆದರೆ ಆ ಒಪ್ಪಿಗೆ ಶಿಬಿರದ ಜನರದ್ದು. ಅಪಹರಣಕಾರರು ಅದಕ್ಕೆ ಸಹಿ ಹಾಕಿರಲಿಲ್ಲ.

ಅಪಹೃತರಲ್ಲಿ ಒಬ್ಬರಾದ ಸ್ಟೀವ್ ಡೆನ್ನಿಸ್ ದಾವೆ ಹೂಡಿದರು. 2015ರ ನವೆಂಬರಿನಲ್ಲಿ ಓಸ್ಲೊ ಜಿಲ್ಲಾ ನ್ಯಾಯಾಲಯ, ಅಪಾಯವನ್ನು ಮೊದಲೇ ಊಹಿಸಬಹುದಿತ್ತು, ಸಂಸ್ಥೆಯದು ಘೋರ ನಿರ್ಲಕ್ಷ್ಯ ಎಂದು ತೀರ್ಪಿತ್ತು. ಸುಮಾರು 44 ಲಕ್ಷ ಕ್ರೋನರ್ ಪರಿಹಾರ ಕೊಡಿಸಿತು. ನೆರವು ಸಂಸ್ಥೆಗಳ ವಕೀಲರು ಬೆಚ್ಚಿಬಿದ್ದು ಈ ತೀರ್ಪನ್ನು ಓದಿದರು. ಇದರಿಂದ ಕೆಲವು ಕಡೆ ಆದದ್ದು ಮಾತ್ರ ವಿಚಿತ್ರ: ನೌಕರರಿಗೆ ಇನ್ನಷ್ಟು ಕೋರ್ಸುಗಳು, ಇನ್ನಷ್ಟು ಪ್ರಮಾಣಪತ್ರಗಳು. ನಾಳೆ ಏನಾದರೂ ಆದರೆ ಕಡತದಲ್ಲಿ ತೋರಿಸಲು ಒಂದು ಕಾಗದ ಇರುತ್ತದೆ. ಆದರೆ ತೀರ್ಪು ಬೆರಳು ತೋರಿಸಿದ್ದು ವಾಹನದಲ್ಲಿ ಕೂತವರ ಕಡೆಗಲ್ಲ, ಪ್ರವಾಸವನ್ನು ಒಪ್ಪಿದವರ ಕಡೆಗೆ.

ಅಣಕು ಅಭ್ಯಾಸ ಬೇಕೇ ಬೇಕೆಂದರೆ ಅದನ್ನು ಪ್ರಧಾನ ಕಚೇರಿಯಲ್ಲಿ ನಡೆಸಲಿ. ನಿರ್ದೇಶಕರ ಮೇಜಿನ ಮೇಲೆ ದಾದಾಬಿನಂಥದೇ ಒಂದು ಪ್ರವಾಸದ ಯೋಜನೆ ಇಡಲಿ. ಹಿಂದಿನ ಅಪಹರಣದ ವರದಿ ಕಡತದಲ್ಲಿರಲಿ, ದಾನಿಗಳು ನಾಳೆಯೇ ಬರುತ್ತಿರಲಿ, ಮುಖ್ಯಸ್ಥರು ಹೋಗಲೇಬೇಕೆಂದು ಪಟ್ಟು ಹಿಡಿದಿರಲಿ, ಸ್ಥಳೀಯ ಚಾಲಕನೊಬ್ಬ ಆ ರಸ್ತೆ ಬೇಡವೆಂದು ಫೋನ್ ಮಾಡಲಿ. ಸಂಜೆ ಐದರೊಳಗೆ ನಿರ್ದೇಶಕರು, ಹೋಗುವುದೋ ಬೇಡವೋ ಎಂದು ಬರೆದು, ಕೆಳಗೆ ತಮ್ಮ ಹೆಸರು ಹಾಕಿ ಕೊಡಲಿ.