ಕೈ ಮುಟ್ಟದ ಬಾಡಿಗೆ

ಅಮೆರಿಕದ ಸೈನಿಕ ಕುಟುಂಬ ಎರಡು ಮೂರು ವರ್ಷಕ್ಕೊಮ್ಮೆ ಗಂಟುಮೂಟೆ ಕಟ್ಟುತ್ತದೆ. ವರ್ಗಾವಣೆಯ ಆದೇಶ ಬಂದ ಕೂಡಲೇ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ ಒಂದೇ: ಹೊಸ ಜಾಗದಲ್ಲಿ ಸೇನಾ ನೆಲೆಯ ಒಳಗೆ ಇರುವುದೋ, ಹೊರಗೆ ಊರಲ್ಲಿ ಬಾಡಿಗೆ ಮನೆ ಹಿಡಿಯುವುದೋ? ಸುಮಾರು ಮೂರನೇ ಒಂದು ಪಾಲು ಕುಟುಂಬಗಳು ಒಳಗಿನ ಮನೆಯನ್ನೇ ಹಿಡಿಯುತ್ತವೆ. ಆ ಮನೆಗಳನ್ನು ಸರ್ಕಾರವೇ ನೋಡಿಕೊಳ್ಳುತ್ತದೆ ಎಂದು ನಾವು ಅಂದುಕೊಳ್ಳುವುದು ಸಹಜ. ಆದರೆ ಅಮೆರಿಕದೊಳಗಿನ ನೆಲೆಗಳಲ್ಲಿ ಶೇ. 99ರಷ್ಟು ಕುಟುಂಬ ವಸತಿ, ಅಂದರೆ ಸುಮಾರು 2 ಲಕ್ಷ ಮನೆಗಳು, ಖಾಸಗಿ ಕಂಪನಿಗಳ ಕೈಯಲ್ಲಿವೆ. ಈ ವ್ಯವಸ್ಥೆ ಶುರುವಾಗಿ ಮೂರು ದಶಕವಾಗುತ್ತಿದೆ. ಅದರ ಲಾಭನಷ್ಟ ತೂಗಿ ನೋಡಲು ಇದು ಸಾಕಷ್ಟು ದೀರ್ಘ ಕಾಲ.

ಖಾಸಗೀಕರಣಕ್ಕೆ ಕಾರಣ ಇಲ್ಲದಿರಲಿಲ್ಲ. ತೊಂಬತ್ತರ ದಶಕದಲ್ಲಿ ರಕ್ಷಣಾ ಇಲಾಖೆಯ ಮನೆಗಳಲ್ಲಿ ಬಹುಪಾಲು ಹಳತಾಗಿದ್ದವು. ಅವನ್ನೆಲ್ಲ ಸರಿಪಡಿಸಲು ಸುಮಾರು 20 ಶತಕೋಟಿ ಡಾಲರ್ ಬೇಕು, ಮಾಮೂಲಿ ದಾರಿಯಲ್ಲಿ ಹೋದರೆ 30 ವರ್ಷ ಹಿಡಿಯುತ್ತದೆ ಎಂದು ಇಲಾಖೆಯೇ ಅಂದಾಜು ಮಾಡಿತ್ತು. 1996ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಕಾನೂನು ತಂದು ಬಾಗಿಲು ತೆರೆಯಿತು. ಜಮೀನು ಸರ್ಕಾರದ್ದು, ಸಾಮಾನ್ಯವಾಗಿ 50 ವರ್ಷದ ಗುತ್ತಿಗೆ. ಕಟ್ಟುವುದು, ಬಾಡಿಗೆಗೆ ಕೊಡುವುದು, ದುರಸ್ತಿ ಮಾಡುವುದು ಕಂಪನಿಯ ಕೆಲಸ.

ಇದರಿಂದ ಒಳಿತೂ ಆಗಿದೆ. ಸರ್ಕಾರದ ಬಜೆಟ್ಟಿಗಾಗಿ ಕಾದಿದ್ದರೆ ದಶಕಗಳೇ ಬೇಕಾಗುತ್ತಿದ್ದ ಬಡಾವಣೆಗಳು ಬೇಗ ಎದ್ದವು. ನೆಲೆಯೊಳಗಿನ ಬದುಕಿಗೆ ತನ್ನದೇ ಆಕರ್ಷಣೆಯೂ ಇದೆ: ಗೇಟಿಗೆ ಕಾವಲು, ಹತ್ತಿರದಲ್ಲೇ ಕೆಲಸ, ಅಂಗಡಿ, ಕೆಲವೆಡೆ ಶಾಲೆ. ಗಂಡನೋ ಹೆಂಡತಿಯೋ ತಿಂಗಳುಗಟ್ಟಲೆ ಹೊರದೇಶದ ಕರ್ತವ್ಯಕ್ಕೆ ಹೋದಾಗ, ಅದೇ ಕಷ್ಟ ಉಂಡ ನೆರೆಮನೆಯವರು ಪಕ್ಕದಲ್ಲಿರುವುದು ಸಣ್ಣ ಮಾತಲ್ಲ. ಹೊರಗಿನ ಎಷ್ಟು ಒಳ್ಳೆಯ ಅಪಾರ್ಟ್‌ಮೆಂಟಿನಲ್ಲೂ ಅದು ಸಿಗುವುದಿಲ್ಲ.

ತೊಡಕಿರುವುದು ಲೆಕ್ಕದಲ್ಲಿ. ಸೈನಿಕನಿಗೆ ಹುದ್ದೆ, ಊರು, ಅವಲಂಬಿತರು ಇದ್ದಾರೆಯೇ ಎಂಬುದನ್ನು ನೋಡಿ ವಸತಿ ಭತ್ಯೆ ನಿಗದಿಯಾಗುತ್ತದೆ. ಹೊರಗೆ ಅದಕ್ಕಿಂತ ಅಗ್ಗದ ಮನೆ ಹಿಡಿದರೆ ಉಳಿದದ್ದು ಅವನ ಜೇಬಿಗೆ. ಒಳಗಿದ್ದರೆ ಸಾಮಾನ್ಯವಾಗಿ ಇಡೀ ಭತ್ಯೆಯೇ ಬಾಡಿಗೆ, ಅದೂ ಬಹುತೇಕ ಸಂಬಳದಿಂದ ನೇರವಾಗಿ ಕಂಪನಿಗೆ ಹೋಗುತ್ತದೆ. ಹಾಗಾಗಿ ಒಂದೇ ಹುದ್ದೆಯ ಇಬ್ಬರಲ್ಲಿ ಒಬ್ಬರಿಗೆ ಹೊಸ ಮನೆ, ಇನ್ನೊಬ್ಬರಿಗೆ ಗೋಡೆ ಬೂಸ್ಟು ಹಿಡಿದ ಹಳೆಯ ಮನೆ ಸಿಕ್ಕರೂ ಬಾಡಿಗೆ ಒಂದೇ ಆಗಿರಬಹುದು. ಮನೆ ಕೆಟ್ಟರೆ ಬಾಡಿಗೆ ಇಳಿಯಬೇಕು ಎಂಬುದು ಮಾರುಕಟ್ಟೆಯ ಮೊದಲ ಪಾಠ. ಮಾರುಕಟ್ಟೆಯ ಹೆಸರಿನಲ್ಲಿ ಬಂದ ಯೋಜನೆ ಅದನ್ನೇ ಕೈಬಿಟ್ಟಿತು. ಮೇಲಾಗಿ, ನೆಲೆಯ ಜಮೀನು ಒಕ್ಕೂಟ ಸರ್ಕಾರದ್ದಾದ್ದರಿಂದ, ಹೊರಗಿನ ಬಾಡಿಗೆದಾರನನ್ನು ಕಾಯುವ ರಾಜ್ಯದ ಕಾನೂನು ಹಲವೆಡೆ ಗೇಟಿನೊಳಗೆ ನಡೆಯುವುದಿಲ್ಲ. ಬಾಡಿಗೆ ತಡೆಹಿಡಿಯಲಾಗದ, ಮನೆ ಬಿಟ್ಟು ಹೋಗುವುದೂ ಸುಲಭವಲ್ಲದ ಬಾಡಿಗೆದಾರನಿಗೆ ಮನೆಮಾಲೀಕ ಯಾಕೆ ಹೆದರಬೇಕು?

ಹೆದರಲಿಲ್ಲ ಎಂಬುದು ಬಯಲಾದದ್ದು 2018ರಲ್ಲಿ. ರಾಯಿಟರ್ಸ್ ಸುದ್ದಿಸಂಸ್ಥೆಯ ತನಿಖಾ ವರದಿಗಳು ಸೀಸ ಬೆರೆತ ಬಣ್ಣ, ಬೂಸ್ಟು, ಇಲಿ, ಜಿರಲೆಗಳ ಕಥೆಯನ್ನು ಮುಂದಿಟ್ಟವು. 2019ರ ಫೆಬ್ರವರಿಯಲ್ಲಿ ಸೈನಿಕರ ಮಡದಿಯರು ಸೆನೆಟ್ ಸಮಿತಿಯ ಎದುರು ಸಾಕ್ಷಿ ನುಡಿದರು. ಸೈನಿಕ ಕುಟುಂಬಗಳ ಸಂಘಟನೆಯೊಂದು ನಡೆಸಿದ ಸಮೀಕ್ಷೆಯಲ್ಲಿ ಸುಮಾರು 17 ಸಾವಿರ ಮಂದಿ ಉತ್ತರಿಸಿದ್ದರು. ಅರ್ಧಕ್ಕಿಂತ ಹೆಚ್ಚು ಮಂದಿಯ ಅನುಭವ ಕಹಿಯಾಗಿತ್ತು. 2021ರ ಡಿಸೆಂಬರಿನಲ್ಲಿ, ಇಂಥ ಮನೆಗಳನ್ನು ನಡೆಸುವ ಬಾಲ್ಫರ್ ಬೀಟಿ ಕಮ್ಯುನಿಟೀಸ್ ಕಂಪನಿ ನ್ಯಾಯಾಲಯದಲ್ಲಿ ವಂಚನೆಯ ತಪ್ಪೊಪ್ಪಿಕೊಂಡಿತು. ದಂಡ, ಪರಿಹಾರ ಸೇರಿ ತೆರಬೇಕಾದದ್ದು ಸುಮಾರು 65 ದಶಲಕ್ಷ ಡಾಲರ್. ದುರಸ್ತಿ ಚುರುಕಾಗಿ ಮುಗಿದರೆ ಪ್ರೋತ್ಸಾಹಧನ ಎಂಬ ಕರಾರಿತ್ತು. ಹಾಗೆ ಮುಗಿದಂತೆ ತೋರಿಸಲು ದಾಖಲೆಗಳನ್ನೇ ತಿದ್ದಲಾಗಿತ್ತು. ಇದನ್ನು ಒಂದು ಕಂಪನಿಯ ದುರಾಸೆ ಎಂದು ಬದಿಗಿಡುವಂತಿಲ್ಲ. ಸೇನೆ ಅಳೆದದ್ದು ಕಾಗದವನ್ನು. ಮನೆಯೊಳಗೆ ಬಂದು ನೋಡುವ ತನ್ನ ಸಿಬ್ಬಂದಿಯನ್ನು ಅದು ಮೊದಲೇ ಕಡಿಮೆ ಮಾಡಿಕೊಂಡಿತ್ತು.

ಮದ್ದು ಬಂದದ್ದು 2019ರ ಕೊನೆಯ ಕಾನೂನಿನಲ್ಲಿ. ಅದರಿಂದ ಹುಟ್ಟಿದ ಬಾಡಿಗೆದಾರರ ಹಕ್ಕುಪಟ್ಟಿಯಲ್ಲಿ ಇಂದು 18 ಹಕ್ಕುಗಳಿವೆ. ಬಹುಪಾಲು ಸದಾಶಯದ ಸಾಲುಗಳು: ಸುರಕ್ಷಿತ ಮನೆ, ಸೌಜನ್ಯದ ಸೇವೆ ಇತ್ಯಾದಿ. ನಿಜವಾಗಿ ಬಲ ಕೊಡುವುವು ಎರಡು. ಒಂದು, ಕರಾರಿಗೆ ಸಹಿ ಹಾಕುವ ಮೊದಲೇ ಆ ಮನೆಯ 7 ವರ್ಷಗಳ ದುರಸ್ತಿ ಚರಿತ್ರೆಯನ್ನು ಕೇಳಿ ಪಡೆಯುವುದು. ಇನ್ನೊಂದು, ತಕರಾರು ಇತ್ಯರ್ಥವಾಗುವವರೆಗೆ ಬಾಡಿಗೆ ಕಂಪನಿಯ ಕೈ ಸೇರದಂತೆ ತಡೆಯುವುದು. ಗಮನಿಸಬೇಕಾದದ್ದು ಏನೆಂದರೆ, ಜಾರಿಗೆ ಬರಲು ಹೆಣಗಾಡಿದ್ದೂ ಇವೇ. ದಶಕಗಳ ಹಳೆಯ ಒಪ್ಪಂದಗಳ ಮೇಲೆ ಇವನ್ನು ಹೇರುವಂತಿರಲಿಲ್ಲ. ಕಂಪನಿಗಳನ್ನು ಒಪ್ಪಿಸುವ ಹೊತ್ತಿಗೆ 2021 ಬಂದಿತ್ತು. 2022ರ ಸೆನೆಟ್ ಉಪಸಮಿತಿಯ ವರದಿ, ತಪ್ಪೊಪ್ಪಿಕೊಂಡ ಕಂಪನಿಯ ಮನೆಗಳಲ್ಲಿ ಹಳೆಯ ಚಾಳಿ ಮುಂದುವರಿದಿದೆ ಎಂದೇ ಹೇಳಿತು.

ಬೆಳಗಾವಿಯ ದಂಡುಪ್ರದೇಶದಲ್ಲೋ ಬೆಂಗಳೂರಿನ ಜಾಲಹಳ್ಳಿಯಲ್ಲೋ ಕ್ವಾರ್ಟರ್ಸಿನ ಸರದಿಗೆ ಕಾದವರಿಗೆ ಇದು ದೂರದ ಕಥೆ ಅನ್ನಿಸದು. ನಮ್ಮಲ್ಲೂ ಕ್ವಾರ್ಟರ್ಸ್ ಸಿಕ್ಕರೆ ಮನೆ ಬಾಡಿಗೆ ಭತ್ಯೆ ನಿಲ್ಲುತ್ತದೆ, ಮನೆ ಹೇಗಿದ್ದರೂ. ನಲ್ಲಿ ಸೋರಿದರೆ ಸೇನಾ ಕಟ್ಟಡಗಳನ್ನು ನೋಡಿಕೊಳ್ಳುವ ಎಂಇಎಸ್‌ಗೆ (ಮಿಲಿಟರಿ ಎಂಜಿನಿಯರ್ ಸರ್ವಿಸಸ್) ದೂರು ಬರೆಸಿ ಕಾಯಬೇಕು. ವ್ಯತ್ಯಾಸ ಇಷ್ಟೇ: ಇಲ್ಲಿ ಮಾಲೀಕನೂ ಸರ್ಕಾರ, ದುರಸ್ತಿಯೂ ಸರ್ಕಾರದ್ದು, ಬೈಯಲು ಒಂದೇ ವಿಳಾಸ. ಅಲ್ಲಿ ಕಂಪನಿ ಸೇನೆಯತ್ತ, ಸೇನೆ ಕಂಪನಿಯತ್ತ ಬೆರಳು ತೋರಿಸಬಹುದು. ಖಾಸಗಿಗೆ ವಹಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರು ಈ ಮೂರು ದಶಕಗಳ ದಾಖಲೆ ಓದಬೇಕು. ಸರ್ಕಾರವೇ ನಡೆಸಿದ್ದರೆ ಚೆನ್ನಾಗಿರುತ್ತಿತ್ತು ಎನ್ನುವವರು 1996ಕ್ಕೆ ಮುಂಚಿನದನ್ನು.

ಹಾಗಾದರೆ ವರ್ಗಾವಣೆಯ ಕುಟುಂಬ ಏನು ಮಾಡಬೇಕು? ಮನೆಯ ಚಂದ ನೋಡುವ ಮೊದಲು 7 ವರ್ಷಗಳ ಚರಿತ್ರೆ ಕೇಳಬೇಕು. ಒಂದೇ ಸೋರಿಕೆಗೆ ಮತ್ತೆಮತ್ತೆ ದೂರು ಬಿದ್ದಿದ್ದರೆ ಬೇರೆ ಮನೆ ಕೇಳಬೇಕು. ಹೊರಗೆ ಮನೆ ಹಿಡಿದರೆ ಕಟ್ಟಿಹಾಕಿಕೊಂಡಂತೆ ಎಂಬ ಭಯ ಬೇಕಿಲ್ಲ. ವರ್ಗಾವಣೆ ಆದೇಶ ಬಂದರೆ ಊರಿನ ಬಾಡಿಗೆ ಕರಾರನ್ನೂ ಮುರಿಯಲು ಸೈನಿಕರಿಗೆ ಒಕ್ಕೂಟದ ಕಾನೂನು ಅವಕಾಶ ಕೊಟ್ಟಿದೆ. ಆದರೆ ಕುಟುಂಬದ ಜಾಣತನ ವ್ಯವಸ್ಥೆಯ ದೋಷಕ್ಕೆ ಪರಿಹಾರವಲ್ಲ. ಮನೆಯ ಸ್ಥಿತಿಗೆ ತಕ್ಕಂತೆ ಬಾಡಿಗೆ ಏರಿಳಿಯುವವರೆಗೆ, ಭತ್ಯೆ ಮೊದಲು ಸೈನಿಕನ ಕೈ ಮುಟ್ಟಿ ಆಮೇಲೆ ಕಂಪನಿಗೆ ಹೋಗುವವರೆಗೆ, ಹಕ್ಕುಗಳ ಪಟ್ಟಿ ಎಷ್ಟೇ ಉದ್ದವಾದರೂ ನೆಲೆಯೊಳಗಿನ ಮನೆಯಲ್ಲಿ ಕಂಪನಿಯ ಮಾತೇ ನಡೆಯುತ್ತದೆ.