ಗ್ಯಾಸ್ ಅಂದುಕೊಂಡಿದ್ವಿ

2025ರ ಜುಲೈ ಮೊದಲ ವಾರ. ಬೆಳ್ಳಂದೂರಿನ ನಮ್ಮ ಆಫೀಸಿನ ಕೆಫೆಟೇರಿಯಾದಲ್ಲಿ ಎಲ್ಲಿ ಕೂತರೂ ಒಂದೇ ಮಾತು, ಹಾಸನ. ನಲವತ್ತು ದಿನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಹಾರ್ಟ್ ಅಟ್ಯಾಕ್‌ನಲ್ಲಿ ಹೋದರು ಅಂತ ಟೀವಿಯವರು ಸ್ಕೋರ್‌ಬೋರ್ಡ್ ಥರ ಸಂಖ್ಯೆ ಏರಿಸ್ತಾ ಇದ್ದರು. ನಾನು ಆ ಜಿಲ್ಲೆಯವನು ಅಂತ ಗೊತ್ತಿದ್ದವರು "ನಿಮ್ಮ ಕಡೆ ನೀರಲ್ಲೇನಾದ್ರೂ ಇದೆಯಾ ಗುರೂ?" ಅಂತ ಕೇಳೋರು. ಊರಿಂದ ಅಮ್ಮ ದಿನಕ್ಕೆರಡು ಸಲ ಫೋನು. "ಒಂದ್ಸಲ ಚೆಕಪ್ ಮಾಡಿಸ್ಕೊಳಪ್ಪ, ನೀನು ರಾತ್ರಿಯೆಲ್ಲ ಕೂತು ಕೆಲಸ ಮಾಡ್ತೀಯ."

ಮುಂದಿನ ವಾರವೇ ಎಚ್‌ಆರ್‌ನವರು ಹೃದಯದ ಬಗ್ಗೆ ವೆಬಿನಾರ್ ಇಟ್ಟರು. ದೊಡ್ಡ ಖಾಸಗಿ ಆಸ್ಪತ್ರೆಯೊಂದರ ಕಾರ್ಡಿಯಾಲಜಿಸ್ಟ್ ಬಂದು ಮುಕ್ಕಾಲು ಗಂಟೆ ಇಂಗ್ಲಿಷಿನಲ್ಲಿ ಮಾತಾಡಿದರು. ಕೊಲೆಸ್ಟ್ರಾಲ್, ನಿದ್ದೆ, ಸಿಗರೇಟು, ಒತ್ತಡ. ಅವರು ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಕೊನೇ ಸ್ಲೈಡಿನಲ್ಲಿ ಕ್ಯೂಆರ್ ಕೋಡ್. ಸ್ಕ್ಯಾನ್ ಮಾಡಿದರೆ ಹೆಲ್ತ್ ಪ್ಯಾಕೇಜ್‌ಗೆ ರಿಯಾಯಿತಿ. ನಾವೂ ಸ್ಕ್ಯಾನ್ ಮಾಡಿದ್ವಿ, ಸುಳ್ಳು ಯಾಕೆ ಹೇಳಲಿ.

ನನ್ನ ತಕರಾರು ಇರೋದು ಆ ಮಾತು ಯಾರಿಗೆ ಹೇಳಿದ್ದು ಅನ್ನೋದರಲ್ಲಿ. ಅದೇ ಹೊತ್ತಿಗೆ ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಹತ್ತಿಪ್ಪತ್ತು ಕ್ಯಾಬ್ ಡ್ರೈವರ್‌ಗಳು ಸೀಟು ಹಿಂದಕ್ಕೆ ವಾಲಿಸಿಕೊಂಡು ಮಲಗಿದ್ದರು. ಬೆಳಗ್ಗೆ ಐದಕ್ಕೆ ಸ್ಟಿಯರಿಂಗ್ ಹಿಡಿದವರು, ರಾತ್ರಿ ಶಿಫ್ಟ್ ಡ್ರಾಪ್ ಮುಗಿಸಿ ಹೋಗೋರು. ಹಾಸನದ ಸಾವುಗಳನ್ನು ನೋಡೋಕೆ ಸರ್ಕಾರ ಜಯದೇವದ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿಗೆ ಹೇಳಿತ್ತು. ವರದಿ ಬಂದಾಗ, ಟೀವಿ ಹೆದರಿಸಿದ ಥರದ ಅಸಹಜ ಏರಿಕೆ ಏನೂ ಸಿಗಲಿಲ್ಲ. ಲೆಕ್ಕಕ್ಕೆ ಹಿಡಿದಿದ್ದ 24 ಸಾವುಗಳಲ್ಲಿ 4ಕ್ಕೆ ಹೃದಯದ ಸಂಬಂಧವೇ ಇರಲಿಲ್ಲ. ಆದರೆ ಸತ್ತವರಲ್ಲಿ ಆಟೊ, ಕ್ಯಾಬ್ ಓಡಿಸೋರ ಪಾಲು ಎದ್ದು ಕಾಣೋ ಹಾಗಿತ್ತು. ಆ ಒಂದು ಸಾಲಿನ ಮೇಲೆ ಚರ್ಚೆ ನಡೆಯಬೇಕಿತ್ತು. ಚರ್ಚೆ ನಡೆದಿದ್ದು ಲಸಿಕೆ ಮೇಲೆ. ಮುಖ್ಯಮಂತ್ರಿ ಲಸಿಕೆಯತ್ತ ಬೆರಳು ತೋರಿಸಿದರು, ಕೇಂದ್ರದವರು ಐಸಿಎಂಆರ್, ಏಮ್ಸ್ ಅಧ್ಯಯನ ತೋರಿಸಿ ಅಲ್ಲಗಳೆದರು, ಸಮಿತಿಯೂ ಲಸಿಕೆಗೆ ಸಂಬಂಧ ಕಾಣಲಿಲ್ಲ. ಡ್ರೈವರ್‌ಗಳ ಮಾತು ಅಲ್ಲಿಗೇ ಮುಚ್ಚಿಹೋಯ್ತು.

ಇತ್ತ ಬೆಂಗಳೂರು, ಮೈಸೂರಿನ ಜಯದೇವದ ಮುಂದೆ ಬೆಳಗಿನ ಜಾವಕ್ಕೇ ಕ್ಯೂ. ಏನೂ ಆಗದವರೆಲ್ಲ ಬಂದು ನಿಂತರು. 2021ರ ಅಕ್ಟೋಬರ್ 29ರಂದು ಅಪ್ಪು ಹೋದ ಮೇಲೂ ಹೀಗೇ ಆಗಿತ್ತು. 46 ವರ್ಷದ, ದಿನಾ ಕಸರತ್ತು ಮಾಡೋ ಮನುಷ್ಯ ಹೋದ ಅಂದಾಗ ಜನ ಹೆದರೋದರಲ್ಲಿ ತಪ್ಪೇನಿಲ್ಲ. ಆದರೆ ಆ ಕ್ಯೂನಲ್ಲಿ ನಿಜವಾಗಿ ಎದೆ ನೋವು ಬಂದವನೂ ನಿಂತಿರ್ತಾನೆ, ಅವನ ಟೋಕನ್ ನಂಬರ್ ಮುನ್ನೂರ ಚಿಲ್ಲರೆ.

ಇಲ್ಲಿ ನಮ್ಮ ಭಾಷೆಯ ಒಂದು ಪದದ ಬಗ್ಗೆ ಹೇಳಲೇಬೇಕು. ಗ್ಯಾಸ್. ಕನ್ನಡದಲ್ಲಿ ಹಾರ್ಟ್ ಅಟ್ಯಾಕ್‌ನ ಮೊದಲ ಹೆಸರು ಅದು. ನಮ್ಮ ದೊಡ್ಡಪ್ಪನಿಗೆ ಬೆಳಗ್ಗೆ ಎಂಟಕ್ಕೆ ಎದೆ ಹಿಡ್ಕೊಂಡಿತು. ದೊಡ್ಡಮ್ಮ ಜೀರಿಗೆ ಕಷಾಯ ಕೊಟ್ಟರು. ಅಂಗಡಿಯಿಂದ ಈನೋ ತಂದರು. ಹತ್ತಕ್ಕೆ ಪಕ್ಕದೂರಿನ ಕ್ಲಿನಿಕ್ಕಿನಲ್ಲಿ ಇಂಜೆಕ್ಷನ್ ಹಾಕಿ "ಗ್ಯಾಸ್ಟ್ರಿಕ್, ಖಾರ ಕಮ್ಮಿ ಮಾಡಿ" ಅಂದರು. ಮಧ್ಯಾಹ್ನ ಎರಡಕ್ಕೆ ಬೆವರು ಇಳಿಯೋಕೆ ಶುರುವಾದಾಗ ಯಾರದೋ ಓಮ್ನಿಯಲ್ಲಿ ತಾಲ್ಲೂಕು ಆಸ್ಪತ್ರೆಗೆ ಹೊರಟರು. ತಲುಪಲಿಲ್ಲ. ತಿಥಿಯ ದಿನ ಬಂದವರಿಗೆಲ್ಲ ಮನೆಯವರು ಹೇಳಿದ್ದು ಅದೇ ಮಾತು: ಗ್ಯಾಸ್ ಅಂದುಕೊಂಡಿದ್ವಿ. ಬೆಳಗ್ಗೆ ಎಂಟರಿಂದ ಎರಡರವರೆಗೆ ಆರು ಗಂಟೆ. ಆ ಆರು ಗಂಟೆಯಲ್ಲಿ ಯಾರೂ ಒಂದು ಇಸಿಜಿ ತೆಗೆಯಲಿಲ್ಲ.

ಒತ್ತಡ, ಸಿಗರೇಟಿನ ಬಗ್ಗೆ ಎಷ್ಟು ಬೇಕಾದರೂ ಹೇಳಲಿ. ಅಟ್ಯಾಕ್ ಶುರುವಾದ ಮೇಲೆ ಉಳಿಸೋದು ಗಡಿಯಾರ. ರಕ್ತನಾಳ ಕಟ್ಟಿದ ಮೇಲೆ ಹೃದಯದ ಸ್ನಾಯು ನಿಮಿಷ ನಿಮಿಷಕ್ಕೂ ಸಾಯ್ತಾ ಹೋಗುತ್ತೆ. ಕ್ಯಾತ್‌ಲ್ಯಾಬ್ ಹತ್ತಿರ ಇದ್ದರೆ ಆಂಜಿಯೋಪ್ಲಾಸ್ಟಿ. ದೂರ ಇದ್ದರೆ ಗಡ್ಡೆ ಕರಗಿಸೋ ಇಂಜೆಕ್ಷನ್ ಹಾಕಿ ಆಮೇಲೆ ದೊಡ್ಡ ಆಸ್ಪತ್ರೆಗೆ ಕಳಿಸೋದು. ಈ ಕೆಲಸಕ್ಕೆ 2024ರಲ್ಲಿ ರಾಜ್ಯ ಸರ್ಕಾರ ಅಪ್ಪು ಹೆಸರಲ್ಲೇ ಹೃದಯ ಜ್ಯೋತಿ ಯೋಜನೆ ತಂತು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೀತಾರೆ, ಅದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಹೋಗುತ್ತೆ, ಅವರು ಹೌದು ಅಂದರೆ ಟೆನೆಕ್ಟೆಪ್ಲೇಸ್ ಅನ್ನೋ ಇಂಜೆಕ್ಷನ್ ಉಚಿತ. ಹೊರಗೆ ಅದರ ಬೆಲೆ 30 ಸಾವಿರಕ್ಕೂ ಮೇಲೆ. ನಮ್ಮ ಭಾಷೆಯಲ್ಲಿ ಹೇಳಬೇಕಂದರೆ ಇದು ಒಳ್ಳೇ ಆನ್‌ಕಾಲ್ ಸಿಸ್ಟಂ. ಅಲರ್ಟ್ ಬಂದ ತಕ್ಷಣ ಯಾರು ಎತ್ಕೋಬೇಕು, ಎಷ್ಟು ನಿಮಿಷದಲ್ಲಿ ಎತ್ಕೋಬೇಕು ಅನ್ನೋದು ಬರೆದಿದೆ. ಇದಕ್ಕೂ ಮುಂಚೆ, 2018ರ ಹೊತ್ತಿಗೆ, ಮಂಗಳೂರಿನ ಕಾರ್ಡಿಯಾಲಜಿಸ್ಟ್ ಡಾ. ಪದ್ಮನಾಭ ಕಾಮತ್ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಮೆಷಿನ್ ಕೊಡಿಸಿ, ವಾಟ್ಸಾಪ್ ಗ್ರೂಪಿನಲ್ಲೇ ಹಳ್ಳಿ ಡಾಕ್ಟರುಗಳಿಗೆ ಉತ್ತರ ಹೇಳೋಕೆ ಶುರು ಮಾಡಿದ್ದರು. ನಾವು ಗುಡ್ ಮಾರ್ನಿಂಗ್ ಹೂವು ಕಳಿಸೋ ವಾಟ್ಸಾಪಿನಲ್ಲಿ.

ಈಗ ಕಾರ್ಡಿಯಾಲಜಿಸ್ಟ್‌ಗಳ ಸಂಘದ ವಿಷಯಕ್ಕೆ ಬರ್ತೀನಿ. ಕೋಲ್ಕತ್ತದಲ್ಲಿ ಶುರುವಾದ ಕಾರ್ಡಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾಕ್ಕೆ ಕರ್ನಾಟಕದಲ್ಲೂ ಶಾಖೆ ಇದೆ. ವೈದ್ಯರ ಸಂಘ ಅಂದಮೇಲೆ ಸಮ್ಮೇಳನ, ಸದಸ್ಯರ ಸುದ್ದಿ, ಹೊಸ ಸ್ಟೆಂಟಿನ ಪಾಠ, ಪ್ರಶಸ್ತಿ ಎಲ್ಲ ಇರುತ್ತೆ, ಇರಲೂ ಬೇಕು. ನಾವೂ ಟೆಕ್ ಕಾನ್ಫರೆನ್ಸಿಗೆ ಹೋಗಿ ಟಿ-ಶರ್ಟ್ ತರೋರೇ. ಆದರೆ ಇಡೀ ರಾಜ್ಯ ಹೆದರಿ ನಿಂತ ಆ ಜುಲೈನಲ್ಲಿ ನನ್ನಂಥವನ ಕಿವಿಗೆ ಬಿದ್ದಿದ್ದು ಒಬ್ಬೊಬ್ಬ ಡಾಕ್ಟರ ಒಂದೊಂದು ಮಾತು. ಒಂದು ಚಾನೆಲ್ಲಿನಲ್ಲಿ ಜಿಮ್ ಬೇಡ, ಇನ್ನೊಂದರಲ್ಲಿ ಜಿಮ್ ಬೇಕು, ಮೂರನೇದರಲ್ಲಿ ಪ್ರೋಟೀನ್ ಪುಡಿ. ಸಂಘ ಅನ್ನೋದು ಇರೋದೇ ಇಂಥ ದಿನಕ್ಕೆ. ಎಲ್ಲರ ಪರವಾಗಿ ಒಂದೇ ಹಾಳೆ, ಸರಳ ಕನ್ನಡದಲ್ಲಿ. ಎದೆ, ಎಡಗೈ, ದವಡೆ, ಬೆನ್ನು ಹಿಡ್ಕೊಂಡು ಬೆವರು ಬಂದರೆ ಗ್ಯಾಸ್ ಅಂತ ಕೂರಬೇಡಿ, 108ಕ್ಕೆ ಫೋನ್ ಮಾಡಿ, ಇಸಿಜಿ ಇರೋ ಕಡೆ ಹೋಗಿ. ಆ ಹಾಳೆ ನಮ್ಮ ಅಮ್ಮನ ಫೋನಿಗೆ ಬರಲಿಲ್ಲ. ಲಸಿಕೆಯ ಫಾರ್ವರ್ಡ್ ಹನ್ನೊಂದು ಸಲ ಬಂತು.

ಸ್ಟೆಂಟಿನ ಕಥೆಯೂ ನೆನಪಾಗುತ್ತೆ. ಒಂದು ಕಾಲಕ್ಕೆ ಔಷಧ ಲೇಪದ ಸ್ಟೆಂಟ್ ಬೆಲೆ ಲಕ್ಷ ದಾಟುತ್ತಿತ್ತು. 2017ರ ಫೆಬ್ರವರಿಯಲ್ಲಿ ಎನ್‌ಪಿಪಿಎ ಅದನ್ನು 29,600 ರೂಪಾಯಿಗೆ, ಸಾದಾ ಸ್ಟೆಂಟನ್ನು 7,260ಕ್ಕೆ ಇಳಿಸಿತು. ಅದಕ್ಕೆ ಮೊದಲು ದೆಹಲಿ ಹೈಕೋರ್ಟಿನ ಬಾಗಿಲು ತಟ್ಟಿದ್ದು ಬೀರೇಂದರ್ ಸಾಂಗ್ವಾನ್ ಅನ್ನೋ ಒಬ್ಬ ವಕೀಲರು. ದಿನಾ ಸ್ಟೆಂಟ್ ಹಾಕೋರಿಗೆ ಅದರ ಬೆಲೆ ಆ ವಕೀಲರಿಗಿಂತ ಮುಂಚೆಯೇ ಗೊತ್ತಿತ್ತಲ್ಲ ಅನ್ನೋದು ನನಗೆ ಇವತ್ತಿಗೂ ಚುಚ್ಚುತ್ತೆ.

ಹಾಸನದ ನಂತರ ಸರ್ಕಾರ ಕೆಲವು ಒಳ್ಳೇ ಘೋಷಣೆ ಮಾಡಿತು. ಆಸ್ಪತ್ರೆಯ ಹೊರಗಿನ ಹಠಾತ್ ಹೃದಯ ಸಾವನ್ನು ವರದಿ ಮಾಡಲೇಬೇಕು, ಹೃದಯ ಜ್ಯೋತಿ ಎಲ್ಲ ತಾಲ್ಲೂಕು ಆಸ್ಪತ್ರೆಗೂ ಬರಬೇಕು, ಜನ ಸೇರೋ ಜಾಗದಲ್ಲಿ ಎಇಡಿ ಇರಬೇಕು ಅಂತ. ಎಇಡಿ ನಮ್ಮ ಟೆಕ್ ಪಾರ್ಕ್ ಲಾಬಿಯಲ್ಲಿ ಮೊದಲೇ ಇದೆ, ಗಾಜಿನ ಪೆಟ್ಟಿಗೆಯಲ್ಲಿ. ಅದು ಯಾವುದಕ್ಕೆ ಅಂತ ಜನಕ್ಕೆ ಗೊತ್ತಿಲ್ಲ, ಯಾಕಂದರೆ ಅಟ್ಯಾಕ್, ಅರೆಸ್ಟ್ ಎರಡನ್ನೂ ಟೀವಿಯವರು ಒಂದೇ ಮಾಡಿದ್ದಾರೆ. ಬೋರ್‌ವೆಲ್ ಇರೋರಿಗೆ ಹೇಳೋದಾದರೆ, ಪೈಪಿನಲ್ಲಿ ಕಸ ಕಟ್ಟೋದು ಅಟ್ಯಾಕ್, ಸ್ಟಾರ್ಟರ್ ಕೆಟ್ಟು ಮೋಟರ್ ನಿಂತುಹೋಗೋದು ಅರೆಸ್ಟ್. ಮೊದಲನೆಯದರಿಂದ ಎರಡನೆಯದು ಆಗಬಹುದು. ಮೋಟರ್ ನಿಂತಾಗ ಎದೆ ಒತ್ತಬೇಕು, ಎಇಡಿ ಹಚ್ಚಬೇಕು, ಅದೂ ಕೆಲವೇ ನಿಮಿಷದಲ್ಲಿ. ನಮಗೆ ಆ ತರಬೇತಿ ಎರಡು ಗಂಟೆ ಕೊಟ್ಟರು, ಸರ್ಟಿಫಿಕೇಟ್ ಲಿಂಕ್ಡ್‌ಇನ್‌ಗೂ ಏರಿತು. ಆ ಪೆಟ್ಟಿಗೆಯ ಪಕ್ಕದಲ್ಲೇ ಹನ್ನೆರಡು ಗಂಟೆ ನಿಲ್ಲೋ ಸೆಕ್ಯುರಿಟಿಯವರನ್ನು ಕರೆದಿರಲಿಲ್ಲ.

ಸಂಘದ ಹಿರಿಯರಲ್ಲಿ ಕೇಳೋದಿದ್ದರೆ ನನ್ನ ಪಟ್ಟಿ ಸಣ್ಣದು. ಹೊರವರ್ತುಲ ರಸ್ತೆಯ ಕಂಪನಿಗಳಿಗೆ ನೀವು ಉಪನ್ಯಾಸಕ್ಕೆ ಬರೋ ಮುಂಚೆ ಒಂದು ಷರತ್ತು ಹಾಕಿ: ಡ್ರೈವರ್, ಸೆಕ್ಯುರಿಟಿ, ಹೌಸ್‌ಕೀಪಿಂಗ್‌ನವರು ಮುಂದಿನ ಸಾಲಿನಲ್ಲಿ ಕೂರಬೇಕು, ಮಾತು ಕನ್ನಡದಲ್ಲಿ, ಹಿಂದಿಯಲ್ಲಿ ಆಗಬೇಕು. ನಿಮ್ಮ ಮಾತಿಗೆ ಎಚ್‌ಆರ್ ಇಲ್ಲ ಅನ್ನಲ್ಲ, ನಮ್ಮ ಮಾತಿಗೆ ಅಂತಾರೆ. ಹಾಗೇ ಎದೆ ನೋವು ಅಂತ ಬಂದವರಿಗೆ ಹತ್ತು ನಿಮಿಷದೊಳಗೆ ಇಸಿಜಿ ಅನ್ನೋ ನಿಮ್ಮದೇ ನಿಯಮವನ್ನು ಹಳ್ಳಿಯ ಕ್ಲಿನಿಕ್ಕಿನ ಗೋಡೆಗೂ ಅಂಟಿಸಿ.

ವೆಬಿನಾರ್ ಆದ ದಿನ ರಾತ್ರಿ ಡ್ರಾಪ್ ಕ್ಯಾಬಿನಲ್ಲಿ ಇಬ್ಬಲೂರು ಜಂಕ್ಷನ್ ಹತ್ತಿರ ಸಿಕ್ಕಿಹಾಕಿಕೊಂಡಿದ್ವಿ. ಹಿಂದೊಂದು ಆಂಬುಲೆನ್ಸ್ ಕೂಗ್ತಾ ಇತ್ತು, ಪಕ್ಕಕ್ಕೆ ಸರಿಯೋಕೆ ಯಾರಿಗೂ ಜಾಗ ಇರಲಿಲ್ಲ. ಡ್ರೈವರ್ ಮಂಡ್ಯ ಕಡೆಯವರು, ನಲವತ್ತು ಇರಬಹುದು.

"ಸಾರ್, ಆ ಇಸಿಜಿ ಎಷ್ಟಾಗುತ್ತೆ?"

"ಇನ್ನೂರು ಮುನ್ನೂರು ಆಗಬಹುದು ಅಣ್ಣ. ಯಾಕೆ?"

"ಏನಿಲ್ಲ ಸಾರ್. ನಾಕು ದಿನದಿಂದ ಮೆಟ್ಲು ಹತ್ತಿದ್ರೆ ಇಲ್ಲಿ ಹಿಡ್ಕೊಳ್ತದೆ. ಗ್ಯಾಸ್ ಇರಬೇಕು."

ನಾನು ಮನೆ ಲೊಕೇಶನ್ ತೆಗೆದು ಆಸ್ಪತ್ರೆದು ಹಾಕಿದೆ. ಅವರು ಬೇಡ ಸಾರ್, ಇನ್ನೂ ಎರಡು ಟ್ರಿಪ್ ಇದೆ ಅಂದರು. ಜಯದೇವ ತಲುಪಿದಾಗ ಹನ್ನೊಂದೂವರೆ ಆಗಿತ್ತು.