ಅಕ್ಷರಕ್ಕೆ ಅಲಂಕಾರ: ಗಣಕ ಶೀರ್ಷಿಕೆಗಳಲ್ಲಿ ಔಚಿತ್ಯದ ಪ್ರಶ್ನೆ

ಅಲಂಕಾರವನ್ನು ಕುರಿತ ಚರ್ಚೆ ನಮಗೆ ಹೊಸದಲ್ಲ. 9ನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡದಲ್ಲಿಯೇ ಅಲಂಕಾರಗಳ ಲಕ್ಷಣವನ್ನು ವಿವರಿಸಿತು. 11ನೆಯ ಶತಮಾನದಲ್ಲಿ ಕಾಶ್ಮೀರದ ಕ್ಷೇಮೇಂದ್ರನು ಔಚಿತ್ಯವನ್ನೇ ಕಾವ್ಯದ ಜೀವವೆಂದು ಎತ್ತಿಹಿಡಿದನು. ಕೊರಳಿಗೆ ಒಡ್ಯಾಣವನ್ನೂ ಸೊಂಟಕ್ಕೆ ಹಾರವನ್ನೂ ತೊಟ್ಟವರು ನಗೆಪಾಟಲಾಗುತ್ತಾರೆಂಬುದು ಅವನು ಕೊಟ್ಟ ನಿದರ್ಶನದ ಸಾರ. ಆ ಮಾತನ್ನು ನಾವು ಇಲ್ಲಿ ಕಾವ್ಯಕ್ಕಲ್ಲ, ಅಕ್ಷರಕ್ಕೇ ಅನ್ವಯಿಸಿ ನೋಡಬಯಸುತ್ತೇವೆ. ಸಮ್ಮೇಳನದ ಮಹಾದ್ವಾರ, ಆಮಂತ್ರಣ ಪತ್ರಿಕೆ, ಬಯಲಾಟದ ಕರಪತ್ರ, ಸ್ಮರಣ ಸಂಚಿಕೆಯ ಮುಖಪುಟ ಇವೆಲ್ಲವುಗಳ ಶೀರ್ಷಿಕೆಗಳು ಇಂದು ಕೋರೆಲ್ ಡ್ರಾ, ಇಲಸ್ಟ್ರೇಟರ್, ಇಂಕ್‌ಸ್ಕೇಪ್‌ನಂತಹ ವೆಕ್ಟರ್ ತಂತ್ರಾಂಶಗಳಲ್ಲಿ ರೂಪುಗೊಳ್ಳುತ್ತಿವೆ. ಗಡಿಯ ಕನ್ನಡಿಗರಾದ ನಮಗೆ ಬೀದಿಯಲ್ಲಿ ಕಾಣುವ ಕನ್ನಡವೆಂದರೆ ಬಹುಪಾಲು ಈ ಶೀರ್ಷಿಕೆಗಳೇ. ಆದುದರಿಂದ ಅವುಗಳ ವಿಮರ್ಶೆ ಅಲ್ಪವಿಷಯವಲ್ಲ.

1843ರಲ್ಲಿ ಹೆರ್ಮನ್ ಮೋಗ್ಲಿಂಗರು ‘ಮಂಗಳೂರ ಸಮಾಚಾರ’ವನ್ನು ಹೊರತಂದಾಗ ಅದು ಕಲ್ಲಚ್ಚಿನಲ್ಲಿ ಮುದ್ರಣಗೊಂಡಿತು. ಕಲ್ಲಚ್ಚಿನಲ್ಲಿ ಅಕ್ಷರವು ಕೈಬರಹವೇ, ಒಂದರ್ಥದಲ್ಲಿ ಚಿತ್ರವೇ. ಸೀಸದ ಮೊಳೆಗಳಾದರೋ ಅಕ್ಷರವನ್ನು ನಿಯತ ಆಕಾರದಲ್ಲಿ ಕಟ್ಟಿಹಾಕಿದವು. ವೆಕ್ಟರ್ ತಂತ್ರಾಂಶವು ಆ ಕಟ್ಟನ್ನು ಬಿಚ್ಚಿ ಅಕ್ಷರವನ್ನು ಮತ್ತೆ ಚಿತ್ರವಾಗಿಸಿದೆ. ಇಲ್ಲಿ ಅಕ್ಷರವೆಂದರೆ ಬಿಂದುಗಳನ್ನು ಕೂಡಿಸುವ ವಕ್ರರೇಖೆಗಳ ಗಣಿತ. ಆದುದರಿಂದಲೇ ಕರೆಯೋಲೆಯ ಮೂಲೆಯಲ್ಲಿ ಕುಳಿತ ಅದೇ ಅಕ್ಷರ 20 ಅಡಿಯ ಫ್ಲೆಕ್ಸಿಗೆ ಹಿಗ್ಗಿದರೂ ಅಂಚು ಒಡೆಯುವುದಿಲ್ಲ. ಈ ಲಾಭವನ್ನು ನಾವು ಮನಸಾರೆ ಒಪ್ಪುತ್ತೇವೆ. ನಮ್ಮ ತಕರಾರು ಸಾಧನದ ಮೇಲಲ್ಲ, ವಿವೇಚನೆಯಿಲ್ಲದ ಬಳಕೆಯ ಮೇಲೆ.

ಮೊದಲನೆಯದಾಗಿ ಹೊರಗೆರೆಯನ್ನು, ಅಂದರೆ ಔಟ್‌ಲೈನನ್ನು ಗಮನಿಸೋಣ. ತಂತ್ರಾಂಶವು ಈ ಗೆರೆಯನ್ನು ಸಾಮಾನ್ಯವಾಗಿ ಅಕ್ಷರದ ಅಂಚಿನ ಮೇಲೆ ಅರ್ಧ ಒಳಗೆ, ಅರ್ಧ ಹೊರಗೆ ಎಳೆಯುತ್ತದೆ. ಗೆರೆ ದಪ್ಪವಾದಂತೆ ಒಳಭಾಗವು ಅಕ್ಷರದ ಮೈಯನ್ನು ತಿನ್ನುತ್ತದೆ. ಹೊರಭಾಗವು ಅಕ್ಷರದೊಳಗಿನ ಬಯಲನ್ನು ಮುಚ್ಚುತ್ತದೆ. ರೋಮನ್ ಲಿಪಿಯಲ್ಲಿ ಇದು ಬಹುಮಟ್ಟಿಗೆ ಅಂದದ ಪ್ರಶ್ನೆ. ಕನ್ನಡದಲ್ಲಿ ಅರ್ಥದ ಪ್ರಶ್ನೆ. ದಕಾರಕ್ಕೂ ಧಕಾರಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು. ರಕಾರಕ್ಕೂ ಠಕಾರಕ್ಕೂ ಇರುವ ವ್ಯತ್ಯಾಸ ಒಳಗಿನ ಒಂದು ಚುಕ್ಕೆ. ಸೀಳು ಮುಚ್ಚಿದರೆ ‘ಧನ’ವು ‘ದನ’ವಾಗುತ್ತದೆ, ಚುಕ್ಕೆ ಕರಗಿದರೆ ‘ಪಾಠ’ವು ‘ಪಾರ’ವಾಗುತ್ತದೆ. ಪರಿಹಾರ ಕಠಿನವಲ್ಲ. ಅಕ್ಷರದ ಪ್ರತಿಯೊಂದನ್ನು ಹಿಂದಿಟ್ಟು ದಪ್ಪ ಗೆರೆಯನ್ನು ಅದಕ್ಕೆ ಮಾತ್ರ ಕೊಟ್ಟು, ಮೂಲಾಕ್ಷರವನ್ನು ಅದರ ಮೇಲೆ ಹಾಗೆಯೇ ಕೂರಿಸಿದರೆ ಸಾಕು. ಆಗ ಸೀಳೂ ಚುಕ್ಕೆಯೂ ಬಣ್ಣದ ಭೇದದಿಂದ ಉಳಿದುಕೊಳ್ಳುತ್ತವೆ.

ಎರಡನೆಯದು ನೆರಳು. ಬೆಳಕು ಎಡಮೇಲಿನಿಂದ ಬಂದಂತೆ ಭಾವಿಸಿ ನೆರಳನ್ನು ಬಲಕೆಳಗೆ ಬೀಳಿಸುವುದು ರೂಢಿ. ನಮ್ಮ ಒತ್ತಕ್ಷರಗಳ ನೆಲೆಯೂ ಬಹುತೇಕ ಅದೇ ದಿಕ್ಕು. ‘ರಾಷ್ಟ್ರ’ ಎಂಬ ಪದಕ್ಕೆ ಉದ್ದನೆಯ ನೆರಳು ಕೊಟ್ಟರೆ ಷಕಾರದ ನೆರಳಿನೊಳಗೆ ಎರಡೂ ಒತ್ತುಗಳು ಮುಳುಗುತ್ತವೆ. ಘನಾಕೃತಿಯ ಆಳವನ್ನು ತೋರಿಸುವ ಎಕ್ಸ್‌ಟ್ರೂಡ್ ತಂತ್ರಕ್ಕೂ ಇದೇ ದೋಷ. ನೆರಳು ಗಿಡ್ಡವಾಗಿರಬೇಕು, ತಿಳಿಯಾಗಿರಬೇಕು. ಒತ್ತು ಹೆಚ್ಚಿರುವ ಪದಗಳಲ್ಲಿ ಅದನ್ನು ಬಿಟ್ಟೇಬಿಡುವುದು ಲೇಸು.

ಮೂರನೆಯದು ಕಮಾನು. ಕಮಾನಿನ ಮೇಲೆ ಸಾಲನ್ನು ಕೂರಿಸಿದಾಗ ಅಕ್ಷರಗಳ ತಲೆ ಅಗಲವಾಗಿ ಹರಡಿ ಬುಡ ಒತ್ತರಿಸುತ್ತದೆ. ಒತ್ತುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ತೊಟ್ಟಿಲಿನಂತೆ ಬಾಗಿದ ರೇಖೆಯಲ್ಲಾದರೆ ಒತ್ತುಗಳಿಗೆ ಎಡೆ ಸಿಗುತ್ತದೆ, ಆದರೆ ತಲೆಕಟ್ಟುಗಳು ತಿಕ್ಕಾಡುತ್ತವೆ. ಎರಡರಲ್ಲಿಯೂ ಬಾಗು ಮಂದವಾಗಿರಬೇಕು. ಅಕ್ಷರಗಳ ನಡುವೆ ಎಡೆ ಬಿಡುವಾಗಲೂ ಇದೇ ಎಚ್ಚರ ಬೇಕು. ‘ಸಮ್ಮೇಳನ’ದ ‘ಮ್ಮೇ’ ಎಂಬುದರಲ್ಲಿ ಮಕಾರ, ಅದರ ಒತ್ತು, ಏತ್ವ, ದೀರ್ಘ ಎಲ್ಲವೂ ಇವೆ. ಓದುಗನಿಗೆ ಅದು ಒಂದೇ ಅಕ್ಷರ. ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿ ಈ ಅಂಗಗಳು ಬಿಡಿಬಿಡಿ ತುಂಡುಗಳು. ಎಡೆ ಹೆಚ್ಚಿಸಿದಾಗ ದೀರ್ಘವು ಮುಂದಿನ ಅಕ್ಷರದ ಕಡೆಗೆ ಹೊರಟುಹೋಗುತ್ತದೆ. ಗೆರೆ ಎಳೆದಾಗ ಜೋಡಣೆಯ ಹೊಲಿಗೆ ಮೇಲೆ ಕಾಣುತ್ತದೆ. ತುಂಡುಗಳನ್ನು ವೆಲ್ಡ್ ಮಾಡಿ ಒಂದಾಗಿಸಿದ ಮೇಲೆಯೇ ಅಲಂಕಾರಕ್ಕೆ ಕೈಹಾಕಬೇಕು. ಯುನಿಕೋಡ್ ಫಾಂಟುಗಳಲ್ಲಿ ಜೋಡಣೆಯ ಹೊಣೆ ತಂತ್ರಾಂಶದ್ದು. ಇಲಸ್ಟ್ರೇಟರಿನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗಾಗಿ ಇರುವ ಆಯ್ಕೆಯನ್ನು ಮರೆತರೆ ಒತ್ತುಗಳು ಚದರುವ ಅಪಾಯವುಂಟು.

ಇಷ್ಟೂ ತಾಂತ್ರಿಕ ವಿವರಗಳು ಗಡಿನಾಡಿನಲ್ಲಿ ಬೇರೆಯೇ ತೂಕ ಪಡೆಯುತ್ತವೆ. ಕಾಸರಗೋಡಿನಲ್ಲಿ ನಮ್ಮ ಶೀರ್ಷಿಕೆಗಳನ್ನು ಸಿದ್ಧಪಡಿಸುವವರು ಅನೇಕ ವೇಳೆ ಕನ್ನಡವನ್ನು ಓದಲಾರದವರು. ಕೈಚಳಕ ಉಳ್ಳವರು, ಶ್ರದ್ಧೆಯೂ ಉಳ್ಳವರು. 1971ರ ಲಿಪಿ ಸುಧಾರಣೆಯ ನಂತರದ ಮಲಯಾಳದಲ್ಲಿ ಉಕಾರದಂತಹ ಚಿಹ್ನೆಗಳು ಅಕ್ಷರದಿಂದ ಬೇರ್ಪಟ್ಟು ಪಕ್ಕದಲ್ಲಿ ನಿಲ್ಲುತ್ತವೆ. ಆ ಕಣ್ಣಿಗೆ ಬೇರ್ಪಟ್ಟ ತುಂಡು ತಪ್ಪಾಗಿ ಕಾಣದಿರುವುದು ಸಹಜವೇ. ಇದರ ಮೇಲೆ, ಅಚ್ಚಿಗೆ ಹೋಗುವ ಮುನ್ನ ಪಠ್ಯವನ್ನು ‘ಕರ್ವ್’ ಮಾಡುವ ಪದ್ಧತಿ. ಆ ಕ್ಷಣದಿಂದ ಅದು ಬರಹವಲ್ಲ, ಬರಿಯ ಆಕೃತಿ. ತಪ್ಪನ್ನು ಅಳಿಸಿ ಟೈಪಿಸಲು ಬರುವುದಿಲ್ಲ. ಹಿಂದೊಮ್ಮೆ ನಮ್ಮ ಸಭೆಯ ಬ್ಯಾನರಿನಲ್ಲಿ ಮಕಾರದ ಒತ್ತು ಕಳಚಿ ‘ಸಮೇಳನ’ವಾಗಿ ನಿಂತಿತ್ತು. ಬಂಗಾರದ ಬಣ್ಣ, ಮೂರು ಸುತ್ತಿನ ಗೆರೆ, ಕಮಾನು, ನೆರಳು ಎಲ್ಲವೂ ಇದ್ದವು. ಇಲ್ಲದಿದ್ದುದು ಒಂದು ಒತ್ತು. ದೋಷ ಮುದ್ರಣಾಲಯದ್ದೆಂದು ನಾವು ಗೊಣಗಿದೆವು. ಆದರೆ ಕರಡನ್ನು ಫೋನಿನ ಸಣ್ಣ ಪರದೆಯಲ್ಲಿ ನೋಡಿ ‘ಚೆನ್ನಾಗಿದೆ’ ಎಂದವರು ನಾವೇ. ಬಣ್ಣವನ್ನು ನೋಡಿದೆವು, ಓದಲಿಲ್ಲ.

ಹಾಗಾದರೆ ಅಲಂಕಾರವೇ ಬೇಡವೆ? ಹಾಗೆಂದರೆ ಯಕ್ಷಗಾನದ ನಾಡಿನವರಾದ ನಮಗೆ ನಾವೇ ಸುಳ್ಳು ಹೇಳಿಕೊಂಡಂತೆ. ಕಿರೀಟ, ಭುಜಕೀರ್ತಿ, ಎದೆಪದಕಗಳ ವೈಭವವನ್ನು ಕಂಡು ಬೆಳೆದ ಕಣ್ಣು ನಮ್ಮದು. ಆದರೆ ಆ ವೇಷದಲ್ಲಿ ಕಿರೀಟವೆಷ್ಟು ಭಾರವಾದರೂ ಕಣ್ಣು ಬಾಯಿ ಮುಚ್ಚುವುದಿಲ್ಲ. ಮುಚ್ಚಿದರೆ ಅರ್ಥಧಾರಿಗೆ ಮಾತಿಲ್ಲ, ಪ್ರೇಕ್ಷಕನಿಗೆ ಪಾತ್ರವಿಲ್ಲ. ಅಕ್ಷರಕ್ಕೂ ಇದೇ ನ್ಯಾಯ. ಸೀಳು, ಚುಕ್ಕೆ, ಒತ್ತು, ದೀರ್ಘಗಳು ಅದರ ಕಣ್ಣು ಬಾಯಿಗಳು. ಅವನ್ನು ತೆರೆದಿಟ್ಟು ಉಳಿದ ಮೈಗೆ ಎಷ್ಟು ಬಂಗಾರ ತೊಡಿಸಿದರೂ ಒಡಂಬಡುತ್ತದೆ.

ಬೇರೆ ಭಾಷೆಯ ಫಲಕಗಳ ನಡುವೆ ನಮ್ಮ ನುಡಿಗೆ ದೊರೆಯುವ ಜಾಗ ಕಿರಿದು. ಆ ಕಿರಿದಾದ ಜಾಗದಲ್ಲಿ ಕನ್ನಡವು ಹೊಳೆದರೆ ಸಂತೋಷ. ಆದರೆ ಶಾಲೆಗೆ ಹೋಗುವ ಮಗುವೊಂದು ನಿಂತು ಅದನ್ನು ತಪ್ಪಿಲ್ಲದೆ ಓದುವಂತಿರುವುದು ಅದಕ್ಕಿಂತ ಮೊದಲಿನ ಅಗತ್ಯ. ಮುಂದಿನ ಸಲ ಕರಡು ಬಂದಾಗ ಮೊದಲು ಕಪ್ಪುಬಿಳುಪಿನಲ್ಲಿ, ಗಟ್ಟಿಯಾಗಿ ಓದಿ ನೋಡೋಣ. ಬಣ್ಣದ ಮಾತು ಆಮೇಲೆ ಇರಲಿ.